ಅಂಗೈಗೆ ಬಿದ್ದ ಮಲ್ಲಿಗೆ ನೀರು

ನಾನು ಅಂಜುಬುರುಕ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯೂ ಉಳಿದಿಲ್ಲ. ಧಾರವಾಡ ಬಿಟ್ಟು ಲಂಡನ್ನಿನ ಇಲ್ಫರ್ಡಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನಿಂದ ಲಕೋಟೆ ಬಂದರೆ ಅದನ್ನು ನನ್ನ ಹೆಂಡತಿ ಸುನಂದಾಳೇ ಒಡೆದು ಓದಬೇಕು. ಇನ್ನು ತಣ್ಣೀರಿನ ವಿಷಯವಂತೂ ಕೇಳಲೇಬೇಡಿ; ಜೂನ್ ತಿಂಗಳಲ್ಲೂ ಬಿಸಿನೀರಿಲ್ಲದೆ ಕೈ ತೊಳೆಯುವವನಲ್ಲ ನಾನು. ಇಂಥವನನ್ನು ಏಪ್ರಿಲ್ ಚಳಿಯಲ್ಲಿ ಒಬ್ಬರಿಗೊಬ್ಬರು ನೀರೆರಚುವ ಥಾಯ್ ಹೊಸವರ್ಷದ ಹಬ್ಬಕ್ಕೆ ಕರೆದರೆ ಜೀವ ಝಲ್ಲೆನ್ನದೆ ಇದ್ದೀತೇ? ಬೇರೆ ಯಾರಾದರೂ ಕರೆದಿದ್ದರೆ ಜ್ವರವೆಂದು ಹೇಳಿ ಮಲಗಿಬಿಡುತ್ತಿದ್ದೆ. ಕರೆದದ್ದು ನಮ್ಮ ಮಗಳು ಮೇಘನಾ ಮದುವೆಯಾಗಬೇಕೆಂದಿದ್ದ ನಟ್ ಎಂಬ ಹುಡುಗನ ಮನೆಯವರು. ಆ ಮನೆಯಲ್ಲಿ ಅವನ ಅಜ್ಜಿ ಹೂಂ ಅನ್ನದೆ ಏನೂ ನಡೆಯುವುದಿಲ್ಲವಂತೆ. ಅಜ್ಜಿ ನಮ್ಮನ್ನು ಇನ್ನೂ ನೋಡಿರಲಿಲ್ಲ. ಹಬ್ಬದ ದಿನವೇ ನೋಡುವುದೆಂದು ಗೊತ್ತಾಗಿತ್ತು.

ಮೇಘನಾ ವಾರ ಮೊದಲೇ ಪಾಠ ಶುರು ಮಾಡಿದಳು. ಹೂವಿನ ಚಿತ್ತಾರದ ಅಂಗಿ ಹಾಕಬೇಕು. ಫೋನು ಪ್ಲಾಸ್ಟಿಕ್ ಚೀಲದಲ್ಲಿರಬೇಕು. ಭಿಕ್ಷುಗಳ ಮೇಲೆ, ವಯಸ್ಸಾದವರ ಮೇಲೆ ನೀರೆರಚಬಾರದು. ಯಾರಾದರೂ ಕೆನ್ನೆಗೆ ಬಿಳಿ ಹಿಟ್ಟು ಸವರಿದರೆ ಮುಖ ಸಿಂಡರಿಸದೆ ನಗಬೇಕು. ಕೊನೆಗೆ, "ಆಂಡ್ ಅಪ್ಪಾ, ಪ್ಲೀಸ್, ಡೋಂಟ್ ಡೂ ಎನಿಥಿಂಗ್ ವಿಯರ್ಡ್" ಎಂದಳು. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಆ ಚೀಟಿಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಹೂವಿನ ಅಂಗಿಯ ಒಳಗೆ ಎರಡು ಬನಿಯನ್ನು, ಸ್ವೆಟರು, ಮೇಲೆ ರೇನ್‌ಕೋಟು.

"ಹಬ್ಬಕ್ಕ ಹೊಂಟೀರೋ, ಹಿಮಾಲಯಕ್ಕ ಹೊಂಟೀರೋ?" ಎಂದಳು ಸುನಂದಾ.

"ನ್ಯುಮೋನಿಯಾ ಆದ್ರ ಯಾರು ನೋಡವ್ರು?"

"ನಾನೇ ನೋಡ್ತೀನಿ, ನಡೀರಿ."

ಟ್ರೇನು, ಟ್ಯೂಬು, ಬಸ್ಸು ಬದಲಿಸಿ ದಕ್ಷಿಣ ಲಂಡನ್ನಿನ ಆ ಥಾಯ್ ದೇವಸ್ಥಾನದ ಅಂಗಳ ತಲುಪಿದಾಗ ಮಕ್ಕಳ ನೀರಿನ ಪಿಸ್ತೂಲುಗಳೆಲ್ಲ ನನ್ನ ರೇನ್‌ಕೋಟಿನ ಕಡೆಗೇ ತಿರುಗಿದವು. ನಾನು ಸುನಂದಾಳ ಬೆನ್ನಿಗೆ ಸರಿದೆ. ಅಷ್ಟರಲ್ಲಿ ಅಜ್ಜಿ ಕೈಸನ್ನೆ ಮಾಡಿ ನನ್ನನ್ನು ಹಿರಿಯರ ಸಾಲಿನಲ್ಲಿ, ಅತಿಥಿಯೆಂದು ಮೊದಲ ಕುರ್ಚಿಯಲ್ಲೇ ಕೂರಿಸಿ, ತಾವು ಪಕ್ಕದಲ್ಲಿ ಕೂತರು. ಕೂತ ಹಿರಿಯರ ಮೇಲೆ ಯಾರೂ ಎರಚುವುದಿಲ್ಲ. ಬದುಕಿದೆ ಅಂದುಕೊಂಡೆ.

ಆಗ ನಟ್ ಬೆಳ್ಳಿಯ ಬಟ್ಟಲು ಹಿಡಿದು ನನ್ನ ಮುಂದೆ ಮಂಡಿಯೂರಿದ. ಹಿರಿಯರು ಚಾಚಿದ ಕೈಗಳ ಮೇಲೆ ಕಿರಿಯರು ಸುಗಂಧದ ನೀರು ಸುರಿದು ಆಶೀರ್ವಾದ ಪಡೆಯುವುದು ಅವರ ಪದ್ಧತಿ. ಅದು ನನ್ನ ಚೀಟಿಯಲ್ಲಿರಲಿಲ್ಲ. ನನಗೆ ಕಂಡದ್ದು ಬಟ್ಟಲು, ನೀರು, ಮಲ್ಲಿಗೆ. ನನ್ನ ಬಲ ಅಂಗೈ ತಾನಾಗಿಯೇ ಗುಳಿಯಾಯಿತು. ನೀರು ಬಿದ್ದದ್ದೇ ತಡ, ಊರಿನ ಗುಡಿಯಲ್ಲಿ ಆಚಾರ್ರು ತೀರ್ಥ ಕೊಟ್ಟಾಗ ಮಾಡುವಂತೆ ಸುರ್ರೆಂದು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ.

ಮಕ್ಕಳ ಪಿಸ್ತೂಲುಗಳೆಲ್ಲ ಕೆಳಗಿಳಿದವು. ಬಾಯಿತುಂಬ ಅತ್ತರಿನ ಘಾಟು. ಮೇಘನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೊಟ್ಟೆಯೊಳಗೆ ಅತ್ತರು ಏನು ಮಾಡುತ್ತದೋ, ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ಮಗಳ ಮದುವೆಯನ್ನು ನಾನೇ ಕುಡಿದುಬಿಟ್ಟೆನಲ್ಲ ಎಂಬುದು.

ಅಜ್ಜಿ ನನ್ನನ್ನೇ ನೋಡುತ್ತ ಏನೋ ಕೇಳಿದರು. ನಟ್ ಇಂಗ್ಲಿಷಿನಲ್ಲಿ ತಿಳಿಸಿದ: ನಿಮ್ಮಲ್ಲಿ ಮಕ್ಕಳು ಕೊಟ್ಟ ನೀರನ್ನು ಹೀಗೆ ಒಳಗೆ ತೆಗೆದುಕೊಳ್ಳುತ್ತೀರಾ ಎಂದು ಅಜ್ಜಿ ಕೇಳುತ್ತಿದ್ದಾರೆ. ಇಲ್ಲ, ತಪ್ಪಾಯಿತು ಅನ್ನುವುದಕ್ಕೂ ಧೈರ್ಯ ಬೇಕು. "ಯೆಸ್" ಎಂದೆ.

ಅಜ್ಜಿ ತಮ್ಮ ಕೈ ಚಾಚಿದರು. ನಟ್ ಸುರಿದ. ಅವರು ಅಂಗೈ ನೋಡಿಕೊಂಡರು, ನನ್ನನ್ನು ನೋಡಿದರು, ಒಂದು ಗುಟುಕು ಕುಡಿದು ತಲೆಗೆ ಒರೆಸಿಕೊಂಡರು. ಆಮೇಲೆ ಆ ಸಾಲಿನ ಹಿರಿಯರೆಲ್ಲ ಮುಖ ಹಿಂಡಿಕೊಂಡು ಕುಡಿದರು. ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಇಂದಿಗೂ ಹೇಳಿಲ್ಲ.

ಮದುವೆಯಾಗಿ ಈಗ ಎರಡು ವರ್ಷ. ಅಜ್ಜಿ ಬಟ್ಟಲಿಗೆ ಅತ್ತರು ಹಾಕುವುದನ್ನು ಬಿಟ್ಟಿದ್ದಾರೆ. ನನಗಾಗಿ ಬಾಟಲಿ ನೀರು, ತೊಳೆದ ಮಲ್ಲಿಗೆ. ನಿಜ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಹಬ್ಬಕ್ಕೆ ಹೊಸದಾಗಿ ಬಂದವರು ಏನು ಮಾಡಬೇಕೆಂದು ಕೇಳಿದರೆ ಅವರಂತೆ ಮಾಡಿ ಎಂದು ಅಜ್ಜಿ ಮೊದಲ ಕುರ್ಚಿಯತ್ತ ಕೈ ತೋರಿಸುತ್ತಾರೆ. ಅಲ್ಲಿ ರೇನ್‌ಕೋಟಿನೊಳಗೆ ನಾನು ಕೂತಿರುತ್ತೇನೆ.