ನೀಲಿ ಕುರ್ಚಿಗಳ ವರಾಂಡ

ಬೆಳಿಗ್ಗೆ ಎದ್ದು ಆರಾಮಾಗಿ ಚಹಾ ಕುಡಿಯುತ್ತ ಕೂತ ಮನುಷ್ಯನಿಗೆ ಸಂಪಾದಕರಿಂದ ಫೋನ್ ಬರಬಾರದು. ಬಂದರೂ "ನಿಮಗೊಂದು ಸರ್‌ಪ್ರೈಸ್ ಇದೆ" ಎಂದು ಮಾತ್ರ ಶುರುವಾಗಬಾರದು.

"ಈ ತಿಂಗಳ ಮುಖಪುಟ ನೋಡಿದ್ರಾ? ನೀವು ತೆಗೆದ ಫೋಟೋ ಅಲ್ಲ, ನಿಮ್ಮದೇ ಫೋಟೋ! ನಿಮ್ಮ ಗೈಡ್ ತೆಗೆದು ಕಳಿಸಿದ್ದು. ಬಂಡೆಯಿಂದ ಹಗ್ಗದಲ್ಲಿ ನೇತಾಡ್ತಿದ್ದೀರಿ, ಕಾಲ ಕೆಳಗೆ ಮೋಡ. ಅಬ್ಬಬ್ಬಾ, ನೋಡಿದ್ರೆ ಹೊಟ್ಟೆ ಒಳಗೆ ಏನೋ ಆಗುತ್ತೆ! ಇವತ್ತೇ ಅಂಗಡಿಗೆ ಬಂದಿದೆ."

ಬೆಟ್ಟದಣ್ಣನಿಗೆ ಸಂತೋಷವೇನೂ ಆಗಲಿಲ್ಲ. ಚಹಾ ಲೋಟ ಕೆಳಗಿಟ್ಟು ಮೆಲ್ಲಗೆ ಅಮ್ಮನ ಕಡೆ ನೋಡಿದ.

ಬೆಟ್ಟದಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಹಿಮದ ಬೆಟ್ಟಗಳಿಗೆ ಹೋಗಿ ಪ್ರವಾಸ ಪತ್ರಿಕೆಗಳಿಗೆ ಫೋಟೋ ತೆಗೆಯುವುದು ಅವನ ಕೆಲಸ. ಅಮ್ಮ ಮಾತ್ರ, ಮಗನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದ್ದರೂ, ಇನ್ನೂ 'ಪುಟ್ಟಾ' ಎಂದೇ ಕರೆಯುತ್ತಾಳೆ. ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ದರ್ಜಿ ಆಕೆ. ಅಪ್ಪ ಎತ್ತರದ ಗೋಡೆಗಳಿಗೆ ಬಣ್ಣ ಬಳಿಯುತ್ತಿದ್ದರು. ಒಂದು ದಿನ ಏಣಿಯಿಂದ ಬಿದ್ದವರು ಮತ್ತೆ ಏಳಲಿಲ್ಲ. ಆಮೇಲಿಂದ ಅಮ್ಮನಿಗೆ ಎತ್ತರವೆಂದರೆ ಆಗದು. ಮನೆಯಲ್ಲಿ ಒಂದು ಸ್ಟೂಲು ಕೂಡ ಇಲ್ಲ. ಬಲ್ಬು ಹೋದರೆ ಎಲೆಕ್ಟ್ರಿಷಿಯನ್ನೇ ಬರಬೇಕು. ಮಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮೊದಲ ಸಲ ಬೆಟ್ಟಕ್ಕೆ ಹೊರಟಾಗ ಅವನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು: "ಕಾಲು ನೆಲದ ಮೇಲೇ ಇರ್ಬೇಕು. ಮೇಲೆ ಹತ್ತಿದ್ದು ಗೊತ್ತಾಯ್ತೋ, ಅವತ್ತೇ ಈ ಕೆಲಸ ಬಿಡಿಸ್ತೀನಿ."

ಬೆಟ್ಟ ಬಿಟ್ಟು ಬದುಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಅಮ್ಮನ ನಿದ್ದೆ ಕೆಡಿಸಲೂ ಮನಸ್ಸಿರಲಿಲ್ಲ. ಅದಕ್ಕೇ ಅವನೊಂದು ವರಾಂಡ ಕಟ್ಟಿದ. ಇಟ್ಟಿಗೆಯಿಂದಲ್ಲ, ಬಾಯಿಂದ. ಬೆಟ್ಟದ ಬುಡದಲ್ಲೊಂದು ಹೋಟೆಲು, ಅದಕ್ಕೊಂದು ವರಾಂಡ, ಅಲ್ಲಿ ನೀಲಿ ಕುರ್ಚಿಗಳು. ಕೂತಲ್ಲೇ ಕೂತು ಉದ್ದನೆಯ ಲೆನ್ಸ್ ಹಾಕಿದರೆ ಬೆಟ್ಟವೇ ಮಡಿಲಿಗೆ ಬಂದು ಬೀಳುತ್ತದೆ. ಹೋಟೆಲಿನ ಯಜಮಾನಿ ಬಿಸಿ ಹಾಲು ತಂದುಕೊಡುತ್ತಾಳೆ. ಒಂದು ಕುಂಟ ಬೆಕ್ಕು ಕಾಲ ಬಳಿ ಮಲಗಿರುತ್ತದೆ. ಪ್ರತಿ ಸಂಜೆ ಫೋನಿನಲ್ಲಿ ಅಮ್ಮ ಬೆಕ್ಕಿನ ಯೋಗಕ್ಷೇಮ ವಿಚಾರಿಸುವಳು. ಬಂಡೆಯ ಸಂದಿಯ ಡೇರೆಯೊಳಗೆ ಹಲ್ಲು ಕಟಕಟಿಸುತ್ತ ಮಗರಾಯ, "ಈಗ ತಾನೇ ಹಾಲು ಕುಡಿದು ಮಲಗ್ತು ಅಮ್ಮಾ" ಎನ್ನುವನು. ಹಗ್ಗಕ್ಕೆ ಸಿಕ್ಕಿಸಿಕೊಳ್ಳುವ ಸೊಂಟದ ಬೆಲ್ಟನ್ನು ಕೂಡ "ಅದು ಕ್ಯಾಮೆರಾ ಚೀಲ ನೇತುಹಾಕೋಕೆ" ಎಂದು ನಂಬಿಸಿದ್ದ. ಪಾಪ, ಅಮ್ಮ ಪ್ರತಿ ಸಲವೂ ಅದನ್ನು ಒಗೆದು ಮಡಿಸಿಡುತ್ತಿದ್ದಳು. ವರ್ಷಗಳು ಕಳೆದರೂ ಬೆಲ್ಟು ಹೊಸದರಂತೆಯೇ ಇತ್ತು. "ಹಳೇ ಕಾಲದ ಮಾಲು ಅಂದ್ರೆ ಇದು ನೋಡ್ರಪ್ಪಾ" ಎಂದು ಅವನು ಗೈಡುಗಳೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಕಿಟಕಿಯ ಪಕ್ಕದ ಹೊಲಿಗೆ ಮಷೀನು ನಿಂತಿತು.

"ಯಾರೋ ಅದು ಪುಟ್ಟಾ, ಬೆಳಿಗ್ಗೆ ಬೆಳಿಗ್ಗೆನೇ?"

"ರಾಂಗ್ ನಂಬರ್ ಅಮ್ಮಾ. ನಾನು ಹೋಗಿ ಹಾಲು ತರ್ತೀನಿ."

"ಹಾಲು ಇದೆಯಲ್ಲೋ."

"ಹಾಗಾದ್ರೆ ಬ್ರೆಡ್ಡು."

"ಅದೂ ಇದೆ."

"ಹಾಗಾದ್ರೆ ಸುಮ್ನೆ ಹೋಗಿ ಬರ್ತೀನಿ!"

"ಸುಮ್ನೆ ಹೋಗೋನು ಚೀಲ ಆದ್ರೂ ತಗೊಂಡು ಹೋಗೋ" ಎಂದು ಅಮ್ಮ ಒಂದು ಚೀಲ ಎಸೆದಳು. ಅಮ್ಮ ಹೊಲಿಯುವ ಚೀಲಗಳು ಬೀದಿಯಲ್ಲಿ ಹೆಸರುವಾಸಿ. ಉಳಿದ ಚೂರು ಬಟ್ಟೆಗಳಿಂದ ಹೊಲಿದು, ಕಿತ್ತಳೆ ಬಣ್ಣದ ಪಟ್ಟಿಯ ಹಿಡಿ ಹಚ್ಚಿ, ಬಂದ ಗಿರಾಕಿಗಳಿಗೆಲ್ಲ ಸುಮ್ಮನೆ ಕೊಟ್ಟುಬಿಡುತ್ತಿದ್ದಳು. ಎಷ್ಟು ಆಲೂಗಡ್ಡೆ ತುಂಬಿದರೂ ಹಿಡಿ ಕಿತ್ತು ಬಂದ ಉದಾಹರಣೆಯಿಲ್ಲ.

ಪೇಪರ್ ಅಂಗಡಿಯವನು ಪತ್ರಿಕೆಗಳನ್ನು ಬಟ್ಟೆ ಕ್ಲಿಪ್ಪು ಹಾಕಿ ಅಂಗಡಿಯ ಮುಂದೆ ಸಾಲಾಗಿ ನೇತುಹಾಕಿದ್ದ. ಉದ್ದಕ್ಕೂ ಬೆಟ್ಟದಣ್ಣಂದಿರು ಗಾಳಿಗೆ ತೂಗಾಡುತ್ತಿದ್ದರು.

"ಎಲ್ಲಾ ಕೊಡಿ."

"ಎಲ್ಲಾನೂ? ನಿಮ್ಮ ಮುಖದ ಮೇಲೆ ನಿಮಗೇ ಅಷ್ಟೊಂದು ಪ್ರೀತಿನಾ?"

"ನೆಂಟರಿಗೆ ಹಂಚ್ಬೇಕು."

"ನಮಗೆ ನೆಂಟರೇ ಇಲ್ಲ ಅಂತಿದ್ರು ನಿಮ್ಮಮ್ಮ?"

"ಈಗ ಹುಟ್ಕೊಂಡಿದ್ದಾರೆ, ಕೊಡಿ ಸ್ವಾಮಿ!"

ಎಲ್ಲವನ್ನೂ ಚೀಲಕ್ಕೆ ತುರುಕುವಾಗ ಅಂಗಡಿಯವನು ನೆನಪಿಸಿಕೊಂಡ. "ಒಂದು ಮಾತ್ರ ಕಟಿಂಗ್ ಶಾಪಿನವನು ತಗೊಂಡು ಹೋದ."

ಕಟಿಂಗ್ ಶಾಪಿನವನು ಅಷ್ಟರಲ್ಲಾಗಲೇ ಮುಖಪುಟ ಕತ್ತರಿಸಿ ದೊಡ್ಡ ಕನ್ನಡಿಯ ನಡುಮಧ್ಯೆ ಅಂಟಿಸಿದ್ದ. ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು, ಅರ್ಧ ತಲೆ ಕಟಿಂಗ್ ಆಗಿ, ಇನ್ನರ್ಧ ಪೊದೆಯಂತೆ ಉಳಿದು, ಕತ್ತು ಚಾಚಿ ತಮ್ಮ ಹಳೆಯ ಶಿಷ್ಯನನ್ನೇ ನೋಡುತ್ತಿದ್ದರು.

"ಬಾರಣ್ಣಾ ಬಾ, ನಮ್ಮ ಬೀದಿ ಹುಲಿ!" ಎಂದು ಕಟಿಂಗ್ ಶಾಪಿನವನು ಕತ್ತರಿ ಎತ್ತಿ ಸ್ವಾಗತಿಸಿದ. ಹುಲಿ ನೆಟ್ಟಗೆ ಹೋಗಿ ಫೋಟೋವನ್ನು ಪರಪರ ಕಿತ್ತಿತು. ಕಟಿಂಗ್ ಶಾಪಿನವನ ಮುಖ ಸಪ್ಪಗಾಯಿತು.

"ಯಾಕಣ್ಣಾ? ಅಭಿಮಾನದಿಂದ ಅಂಟಿಸಿದ್ದೆ."

ಬೆಟ್ಟದಣ್ಣನಿಗೆ ಕೆಡುಕೆನಿಸಿತು. ನಿಜ ಹೇಳಿಬಿಡೋಣವೆಂದುಕೊಂಡ. ಆದರೆ ಈ ಅಂಗಡಿಯಲ್ಲಿ ಆಡಿದ ಮಾತು ಕತ್ತರಿಸಿದ ಕೂದಲಿನ ಹಾಗೆ, ಹೊರಗೆ ಹೋಗುವವರ ಬಟ್ಟೆಗೆ ಅಂಟಿಕೊಂಡೇ ಹೋಗುತ್ತದೆ. ಅಮ್ಮನಿಗೆ ತಲುಪದೆ ಇರುತ್ತದೆಯೇ?

"ಇದರಲ್ಲೊಂದು ದೊಡ್ಡ ತಪ್ಪಾಗಿದೆಯಪ್ಪ. ಪತ್ರಿಕೆಯವರು ವಾಪಸ್ ತರಿಸ್ಕೊಳ್ತಿದ್ದಾರೆ."

"ಏನು ತಪ್ಪು?"

"ಅದು... ನೋಡಿದ್ರೆ ಗೊತ್ತಾಗಲ್ಲ."

ಆಡಬಾರದ ಮಾತು ಆಡಿಬಿಟ್ಟಿದ್ದ. ನೋಡಿದರೆ ಗೊತ್ತಾಗದ ತಪ್ಪು ಇದೆಯೆಂದರೆ ನೋಡದೆ ಬಿಡುವ ಜನ ಎಲ್ಲಿದ್ದಾರೆ? ಮಧ್ಯಾಹ್ನದೊಳಗೆ ಬೀದಿಯ ಜನವೆಲ್ಲ ಪಕ್ಕದ ಬೀದಿಗೆ ಹೋಗಿ ಪತ್ರಿಕೆ ಕೊಂಡು ತಂದರು. ಔಷಧಿ ಅಂಗಡಿಯವನು ಭೂತಗನ್ನಡಿ ಹಿಡಿದು, ಫೋಟೋದಲ್ಲಿ ಬೆರಳೊಂದು ಹೆಚ್ಚಿದೆ ಎಂದ. ಅವನ ಹೆಂಡತಿ, ಬೆಟ್ಟವೇ ತಲೆಕೆಳಗಾಗಿದೆ ಎಂದಳು. ಇದೇ ವಿಷಯಕ್ಕೆ ಗಂಡ ಹೆಂಡಿರಿಗೆ ಮಾತು ನಿಂತುಹೋಯಿತು.

ಮೇಷ್ಟ್ರು ಮಾತ್ರ ನಂಬಲಿಲ್ಲ. "ತಪ್ಪೂ ಇಲ್ಲ ಗಿಪ್ಪೂ ಇಲ್ಲ. ಹುಡುಗನಿಗೆ ಮೊದಲಿಂದಲೂ ನಾಚಿಕೆ. ಬಹುಮಾನ ಕೊಡ್ತೀನಿ ಬಾ ಅಂದ್ರೆ ಬೆಂಚಿನ ಕೆಳಗೆ ಬಚ್ಚಿಟ್ಕೊಳ್ತಿದ್ದ. ನಾವೇ ಮುಂದೆ ನಿಂತು ಗೌರವಿಸ್ಬೇಕು" ಎಂದು ಕುರ್ಚಿಯಿಂದ ಎದ್ದವರೇ, ಉಳಿದರ್ಧ ತಲೆಯನ್ನು ಮರೆತು, ಆ ಫೋಟೋ ದೊಡ್ಡದು ಮಾಡಿಸಲು ನೇರ ಸ್ಟುಡಿಯೋಗೆ ನಡೆದರು.

ಸುತ್ತಿ ಸುತ್ತಿ ಸುಸ್ತಾಗಿ ಬೆಟ್ಟದಣ್ಣ ಊಟಕ್ಕೆ ಮನೆಗೆ ಬಂದರೆ, ಅಮ್ಮನ ಮಷೀನಿನ ಮೇಲೆ ಕೆಂಪು ಮಖಮಲ್ಲು ಹೊಳೆಯಂತೆ ಹರಿಯುತ್ತಿತ್ತು.

"ಏನಮ್ಮಾ ಇದು?"

"ಮೇಷ್ಟ್ರು ಬಂದಿದ್ರು. ಯಾಕೋ ಅರ್ಧ ತಲೆ ಬೋಳಿಸ್ಕೊಂಡಿದ್ರು, ಪಾಪ, ಕೇಳೋಕೆ ಹೋಗ್ಲಿಲ್ಲ. ಸಂಜೆ ಕೆಳಗಡೆ ಹಾಲ್‌ನಲ್ಲಿ ಏನೋ ಫೋಟೋ ಇಡ್ತಾರಂತೆ, ಅದಕ್ಕೆ ಪರದೆ. ದಾರ ಎಳೆಯೋದೂ ನಾನೇ ಅಂತೆ!"

"ಯಾ... ಯಾರ ಫೋಟೋ?"

"ಹೇಳ್ಲಿಲ್ಲ. ಯಾರೋ ದೊಡ್ಡೋರದ್ದೇ ಇರ್ಬೇಕು. ಇಷ್ಟು ಬಟ್ಟೆ ಬೇಕಾಯ್ತು ನೋಡು."

ಬೆಟ್ಟದಣ್ಣನಿಗೆ ಬೆವರು ಕಿತ್ತುಕೊಂಡು ಬಂತು. ಅಮ್ಮ ಕನ್ನಡಕದ ಮೇಲಿನಿಂದ ನೋಡಿ, ಅದೇ ಮಖಮಲ್ಲಿನ ತುದಿಯಿಂದ ಅವನ ಹಣೆ ಒರೆಸಿದಳು. "ಹುಷಾರಿಲ್ವೇನೋ? ಬಿಸಿ ಹಾಲು ಕೊಡ್ಲಾ, ನಿನ್ನ ಹೋಟೆಲ್‌ನವಳು ಕೊಡ್ತಾಳಲ್ಲ, ಹಾಗೆ?"

ಅವನಿಗೆ ಅಳು ಬಂದಂತಾಯಿತು. ಬೇಡವೆಂದು ತಲೆಯಾಡಿಸಿ, ಗಬಗಬ ನಾಲ್ಕು ತುತ್ತು ತಿಂದು ಎದ್ದ.

ಸಂಜೆ ಅವರ ಮನೆಯಿದ್ದ ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಎಲ್ಲ ಸಜ್ಜಾಗಿತ್ತು. ಟಪಾಲು ಪೆಟ್ಟಿಗೆಗಳ ಮೇಲಿನ ಗೋಡೆಯಲ್ಲಿ, ಬಾಗಿಲಿನಷ್ಟು ದೊಡ್ಡ ಫೋಟೋ. ಅದರ ಮುಂದೆ ಅಮ್ಮ ಹೊಲಿದ ಪರದೆ. ಪಕ್ಕದಲ್ಲೊಂದು ಏಣಿ. ಮೇಷ್ಟ್ರು ಕುರ್ಚಿ ತರಲು ಹೋಗಿದ್ದರು, ಕಟಿಂಗ್ ಶಾಪಿನವನು ಮೈಕು ತರಲು. ಒಳಗೆ ಯಾರೂ ಇರಲಿಲ್ಲ. ಬೆಟ್ಟದಣ್ಣನ ಕಂಕುಳಲ್ಲಿ ತಾನು ತೆಗೆದ ಕಾಡುಮೇಕೆಯ ಪೋಸ್ಟರಿತ್ತು, ಜೇಬಿನಲ್ಲಿ ಟೇಪು. ತನ್ನ ಫೋಟೋದ ಮೇಲೆ ಮೇಕೆಯನ್ನು ಅಂಟಿಸಿಬಿಟ್ಟರೆ, ಅಮ್ಮ ದಾರ ಎಳೆಯುತ್ತಾಳೆ, ಮೇಕೆ ಕಾಣುತ್ತದೆ, ಜನ ತಬ್ಬಿಬ್ಬಾಗುತ್ತಾರೆ. ಆಗಲಿ ಬಿಡಿ. ಅಮ್ಮ ಬಚಾವು, ಬೆಟ್ಟ ಬಚಾವು.

ಏಣಿಯನ್ನು ಪರದೆಯ ಹಿಂದೆ ಎಳೆದುಕೊಂಡು ಹತ್ತಿದ. ಮೋಡದ ಮೇಲೆ ನೇತಾಡಿದ ಮಹಾಶಯನಿಗೆ ಆ ಏಣಿ ಕೈಕೊಟ್ಟಿತು. ಅದರ ಒಂದು ಕಾಲು ಗಿಡ್ಡ. ಮೇಕೆಯ ಒಂದು ಮೂಲೆ ಅಂಟಿಸುವಷ್ಟರಲ್ಲಿ ಏಣಿ ಗಡಗಡ ನಡುಗತೊಡಗಿತು. ಅದೇ ಹೊತ್ತಿಗೆ ಜನ ಒಳಗೆ ಬಂದರು. ಎಲ್ಲರಿಗೂ ಕಂಡಿದ್ದು ಕೆಂಪು ಪರದೆ, ಅದರ ಕೆಳಗೆ ಏಣಿಯ ಮೆಟ್ಟಿಲ ಮೇಲೆ ಎರಡು ಬೂಟುಗಳು.

ಆ ಬೂಟು ಯಾರದೆಂದು ಒಬ್ಬಳಿಗೆ ತಕ್ಷಣ ಗೊತ್ತಾಯಿತು.

"ಪುಟ್ಟಾ!" ಎಂದು ಅಮ್ಮ ಓಡಿಬಂದು ಎರಡೂ ಕೈಯಿಂದ ಏಣಿಯನ್ನು ತಬ್ಬಿಕೊಂಡಳು. "ಹಿಡ್ಕೊಳ್ಳೋಕೆ ಒಬ್ಬರನ್ನ ಕರೀಬಾರದೇನೋ? ನಿಮ್ಮಪ್ಪನೂ ಹೀಗೇ, ಯಾರನ್ನೂ ಕರೀಲಿಲ್ಲ! ಬೆಟ್ಟದಲ್ಲಾದ್ರೆ ಸೊಂಟಕ್ಕೆ ಬೆಲ್ಟ್ ಇರುತ್ತೆ, ಹಗ್ಗ ಇರುತ್ತೆ. ಇಲ್ಲಿ ಏನಿದೆಯೋ ನಿನ್ನ ಸೊಂಟಕ್ಕೆ?"

ಪರದೆಯ ಹಿಂದಿನಿಂದ ದನಿ ಬಂತು.

"ಬೆಲ್ಟು... ಕ್ಯಾಮೆರಾ ಚೀಲಕ್ಕಲ್ವಾ ಅಮ್ಮಾ?"

"ಸುಮ್ನೆ ಇಳಿಯೋ ಮೊದಲು!"

ಇಳಿಯಲು ಕಾಲು ಕೆಳಗಿಟ್ಟ. ಇಟ್ಟಲ್ಲಿ ಮೆಟ್ಟಿಲಿರಲಿಲ್ಲ. ಪರದೆಯನ್ನು ಹಿಡಿದ. ಪರದೆ, ಮೇಕೆ, ಬೆಟ್ಟದಣ್ಣ ಮೂರೂ ಒಟ್ಟಿಗೆ ಕೆಳಗೆ ಬಂದವು. ಮೇಕೆಗೂ ಪರದೆಗೂ ಏನೂ ಆಗಲಿಲ್ಲ. ಅವನ ಪಾದ ಮಾತ್ರ ಉಳುಕಿತು.

ಅಮ್ಮ ಅಲ್ಲೇ ಕುಕ್ಕರಿಸಿ ಅವನ ಕಾಲನ್ನು ಮಡಿಲಿಗೆಳೆದುಕೊಂಡಳು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ತಲೆಯೆತ್ತಿದಳು. ಗೋಡೆಯ ತುಂಬ ಮಗ ನೇತಾಡುತ್ತಿದ್ದ. ಅಮ್ಮ ಮೋಡ ನೋಡಲಿಲ್ಲ, ಮಗನ ಮುಖವನ್ನೂ ನೋಡಲಿಲ್ಲ. ಅವನ ಸೊಂಟದ ಕಿತ್ತಳೆ ಬಣ್ಣದ ಬೆಲ್ಟನ್ನೇ ನೋಡಿದಳು.

"ಚೆನ್ನಾಗಿ ಹಿಡ್ಕೊಂಡಿದೆ" ಎಂದಳು. "ಈ ವರ್ಷದ್ದು ಇನ್ನೂ ಗಟ್ಟಿ ಅಂತ ಬೆಲ್ಟ್ ಅಂಗಡಿಯವನು ಹೇಳಿದ್ದು ಸುಳ್ಳಲ್ಲ."

"ಈ ವರ್ಷದ್ದಾ?"

"ಮತ್ತೆ? ನೀನು ಮೊದಲ ಸಲ ತಂದಾಗ್ಲೇ ಬೆಟ್ಟ ಹತ್ತೋ ಸಾಮಾನಿನ ಅಂಗಡಿ ಹುಡುಕ್ಕೊಂಡು ಹೋಗಿ ಕೇಳಿದೆ, ಇದೇನು ಅಂತ. ದರ್ಜಿ ಕಣೋ ನಾನು. ಕ್ಯಾಮೆರಾ ಚೀಲಕ್ಕೆ ಅಂತ ಯಾರಾದ್ರೂ ತೊಡೆಗೆ ಸಿಕ್ಕಿಸೋ ಪಟ್ಟಿ ಹೊಲೀತಾರಾ? ವರ್ಷ ವರ್ಷ ಬದಲಾಯಿಸ್ತಾ ಇದ್ರೆ ಭಯ ಇಲ್ಲ ಅಂದ. ಬದಲಾಯಿಸ್ತಾ ಬಂದೆ. ಅದೇ ಬಣ್ಣದ್ದೇ ತರಿಸ್ಕೊಡ್ತಾನೆ, ಒಳ್ಳೆಯವನು."

"ಹಳೇವೆಲ್ಲ ಏನಾದ್ವು?"

ಅಮ್ಮ ಕಣ್ಣಲ್ಲೇ ಜನರತ್ತ ತೋರಿಸಿದಳು. ಬೆಟ್ಟದಣ್ಣ ಸುತ್ತ ನೋಡಿದ. ಪೇಪರ್ ಅಂಗಡಿಯವನ ಕೈಯಲ್ಲಿ, ಔಷಧಿ ಅಂಗಡಿಯವನ ಹೆಂಡತಿಯ ಹೆಗಲಲ್ಲಿ, ಅರ್ಧ ತಲೆಯ ಮೇಷ್ಟ್ರ ಮೊಣಕೈಯಲ್ಲಿ ಕಿತ್ತಳೆ ಹಿಡಿಯ ಚೀಲಗಳು ತೂಗುತ್ತಿದ್ದವು. ಮೇಷ್ಟ್ರು ತಮ್ಮ ಚೀಲವನ್ನೊಮ್ಮೆ ಎತ್ತಿ ನೋಡಿ, ಅದರೊಳಗಿದ್ದ ಆಲೂಗಡ್ಡೆಯ ಸಮೇತ ಎದೆಗೊತ್ತಿಕೊಂಡರು.

"ಎಲ್ಲಾ ಗೊತ್ತಿದ್ದೂ ಯಾಕಮ್ಮಾ ಕೆಲಸ ಬಿಡಿಸ್ಲಿಲ್ಲ?"

"ಗೊತ್ತಾದ್ರೆ ಬಿಡಿಸ್ತೀನಿ ಅಂದಿದ್ದೆನಲ್ಲ. ಅದಕ್ಕೇ ಗೊತ್ತಾಗ್ದೇ ಇದ್ದೆ" ಎಂದಳು ಅಮ್ಮ. "ಬೆಟ್ಟದ ಮೇಲೆ ಬಿಸಿಲು ಬಿತ್ತು ಅಂತ ನೀನು ಫೋನಲ್ಲಿ ಹೇಳೋವಾಗ ನಿನ್ನ ದನಿ ನೀನು ಕೇಳ್ಬೇಕು. ನಿಮ್ಮಪ್ಪ ಹೊಸ ಗೋಡೆ ಸಿಕ್ಕಾಗ ಹಾಗೇ ಮಾತಾಡ್ತಿದ್ರು. ಅದನ್ನ ಹೇಗೋ ನಿಲ್ಲಿಸ್ಲಿ?"

ಬೆಟ್ಟದಣ್ಣನ ಕಣ್ಣು ತುಂಬಿತು. ಎದೆಯ ಮೇಲಿನ ಬಂಡೆ ಇಳಿದಂತಾಯಿತು. "ಹಾಗಾದ್ರೆ ಇನ್ನು ಮುಂದೆನೂ..."

"ಇನ್ನು ಮುಂದೆ ಹೇಗಾಗುತ್ತೋ ದಡ್ಡ? ಇಷ್ಟು ದಿನ ನನಗೆ ಗೊತ್ತಿರೋದು ಯಾರಿಗೂ ಗೊತ್ತಿರ್ಲಿಲ್ಲ. ನೀನು ಸುಮ್ನೆ ಮನೇಲಿ ಕೂತಿದ್ರೆ, ಯಾರಾದ್ರೂ ಆ ಪತ್ರಿಕೆ ತಂದು ಕೊಟ್ಟಿದ್ರೂ ಮಡಚಿ ಬಟ್ಟೆ ಕೆಳಗಿಟ್ಟು ಹೊಲಿಗೆ ಹಾಕ್ತಾ ಕೂರ್ತಿದ್ದೆ. ಈಗ ಇಡೀ ಬೀದಿ ಎದುರಿಗೆ ನೋಡಿದ್ದೀನಿ. ಇನ್ನು ಗೊತ್ತಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಬಿಡಿಸ್ತೀಯಾ ಅಮ್ಮಾ?"

"ಇಲ್ಲ. ಮುಂದಿನ ಸಲ ನಾನೂ ಬರ್ತೀನಿ. ಆ ವರಾಂಡದಲ್ಲಿ, ಆ ನೀಲಿ ಕುರ್ಚಿ ಮೇಲೆ ಕೂತಿರ್ತೀನಿ. ನೀನು ಎಲ್ಲಿ ನೇತಾಡಿದ್ರೂ ನನ್ನ ಕಣ್ಣಿಗೆ ಕಾಣ್ತಾ ಇರ್ಬೇಕು."

"ನಾನೂ ಬರ್ತೀನಿ!" ಎಂದರು ಮೇಷ್ಟ್ರು. "ನಾನೂ!" ಎಂದ ಕಟಿಂಗ್ ಶಾಪಿನವನು ಮೈಕಿನಲ್ಲಿ. "ಮೇಷ್ಟ್ರ ಉಳಿದರ್ಧ ತಲೆ ಅಲ್ಲೇ ಮುಗಿಸ್ತೀನಿ!"

ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಬೆಟ್ಟದಣ್ಣನ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಇಲ್ಲದ ವರಾಂಡಕ್ಕೆ ಇಷ್ಟೊಂದು ಜನರನ್ನು ಹೇಗೆ ಕರೆದುಕೊಂಡು ಹೋಗುವುದು?

ದೀಪ ಹಚ್ಚುವ ಹೊತ್ತಿಗೆ ಅವನು ಬ್ಯಾಂಡೇಜು ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಬೆಟ್ಟದ ಊರುಗಳ ಹೋಟೆಲುಗಳಿಗೆಲ್ಲ ಪಿಸುದನಿಯಲ್ಲಿ ಫೋನ್ ಮಾಡುತ್ತಿದ್ದ. ಕಿಟಕಿಯ ಪಕ್ಕದಲ್ಲಿ ಅಮ್ಮ ತನಗೊಂದು ದಪ್ಪ ಕೋಟು ಹೊಲಿದುಕೊಳ್ಳುತ್ತಿದ್ದಳು.

"ಹಲೋ, ವರಾಂಡ ಇದೆಯಾ? ಸದ್ಯ! ಕುರ್ಚಿ ಯಾವ ಬಣ್ಣ? ಬಿಳೀನಾ? ಪರವಾಗಿಲ್ಲ, ಎರಡು ದಿನ ಮುಂಚೆ ಬಂದು ಬಣ್ಣ ನಾನೇ ಬಳೀತೀನಿ. ಯಜಮಾನಿ ಇದ್ದಾರಾ? ಹಾಲು ಬಿಸಿ ಮಾಡಿ ಕೊಡ್ತಾರಾ? ಬೆಕ್ಕು?"

ಮಷೀನು ನಿಂತಿತು. "ಪುಟ್ಟಾ, ಆ ಕುಂಟ ಬೆಕ್ಕಿಗೂ ಒಂದು ಅಂಗಿ ಹೊಲೀತೀನಿ. ಅಳತೆ ಹೇಳೋ."

"ಅಲ್ಲೇ ತಗೊಂಡ್ರಾಯ್ತು ಅಮ್ಮಾ!"

ಅಮ್ಮ ಕೋಟಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಭುಜ ಕುಲುಕುವಷ್ಟು ನಗು. ಬೆಟ್ಟದಣ್ಣ ಅದನ್ನು ನೋಡಲಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳುತ್ತಿದ್ದ.

"ನಾಲ್ಕು ಕಾಲೂ ನೆಟ್ಟಗಿದೆಯಾ? ಇರಲಿ ಬಿಡಿ. ಕುಂಟೋದು ನಾನೇ ಹೇಳಿಕೊಡ್ತೀನಿ."