ಟೀಚರ್ ಕೆಲಸ ಬಿಡುವ ವಿಚಾರ

ಹತ್ತೊಂಬತ್ತು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಈ ಕೆಲಸ ಬಿಟ್ಟುಬಿಡಬೇಕು ಅಂತ ಎಷ್ಟು ಸಲ ಅನ್ನಿಸಿದೆಯೋ ಲೆಕ್ಕ ಇಟ್ಟಿಲ್ಲ. ಹಾಗನ್ನಿಸಿದಾಗಲೆಲ್ಲ ಏನಾದರೊಂದು ತಮಾಷೆ ನಡೆದೇ ನಡೆಯುತ್ತದೆ. ಸಂಜೆ ಮನೆಗೆ ಹೋಗಿ ಹೇಳಿ ನಗೋಣ ಅಂದರೆ ಮನೆಯಲ್ಲಿ ನಾನೊಬ್ಬಳೇ. ಒಬ್ಬಳೇ ಜೋರಾಗಿ ನಕ್ಕರೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ ನೋಡುತ್ತಾರೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಸಭೆ

ನನ್ನ ಮೊದಲ ಶಾಲೆ ಜಗಳೂರು ಕಡೆಯ ಒಂದು ಸಣ್ಣ ಹಳ್ಳಿಯಲ್ಲಿತ್ತು. ಹದಿನೇಳು ಮಕ್ಕಳು, ಒಂದು ಬೇವಿನ ಮರ, ಒಬ್ಬಳು ಟೀಚರ್. ಮುಖ್ಯ ಶಿಕ್ಷಕಿಯೂ ನಾನೇ, ಸಹ ಶಿಕ್ಷಕಿಯೂ ನಾನೇ. ಬಿಸಿಯೂಟ ಮಾಡುವ ಅಮ್ಮ ಹನ್ನೊಂದಕ್ಕೆ ಬರುತ್ತಿದ್ದರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ದೊಡ್ಡವರ ಜೊತೆ ಒಂದು ಮಾತಾಡಬೇಕು ಅಂದರೆ ಸಂಜೆ ಐದರ ಬಸ್ಸು ಬರುವವರೆಗೆ ಕಾಯಬೇಕಿತ್ತು. ಬಸ್ಸಿನ ಕಂಡಕ್ಟರ್ ಕೂಡ ಮಾತಿನವನಲ್ಲ.

ತಿಂಗಳಿಗೊಮ್ಮೆ ಶಿಕ್ಷಕರ ಸಭೆ ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಬೇಕು ಅಂತ ನಿಯಮ. ಒಬ್ಬಳೇ ಇರುವಾಗ ಸಭೆ ಹೇಗೆ ಮಾಡಲಿ ಅಂತ ಕೇಳಿದರೆ, "ಪುಸ್ತಕ ಖಾಲಿ ಇರಬಾರ್ದು" ಅನ್ನೋ ಉತ್ತರ ಬಂತು. ಸರಿ, ಕೊನೆಯ ಶನಿವಾರ ಮಕ್ಕಳೆಲ್ಲ ಮನೆಗೆ ಹೋದಮೇಲೆ ಕೂತು ಬರೆದೆ. "ಮಕ್ಕಳಿಗೆ ದಿನವೂ ಅರ್ಧ ಗಂಟೆ ಹೆಚ್ಚು ಓದಿಸಬೇಕೆಂದು ಮುಖ್ಯ ಶಿಕ್ಷಕಿಯವರು ಸೂಚಿಸಿದರು. ಈಗಿರುವ ಕೆಲಸವೇ ಮುಗಿಯುತ್ತಿಲ್ಲವೆಂದು ಸಹ ಶಿಕ್ಷಕಿಯವರು ಆಕ್ಷೇಪಿಸಿದರು. ದೀರ್ಘ ಚರ್ಚೆ ನಡೆಯಿತು. ಕೊನೆಗೆ ಸಹ ಶಿಕ್ಷಕಿಯವರು ಒಲ್ಲದ ಮನಸ್ಸಿನಿಂದ ಒಪ್ಪಿದರು." ಕೆಳಗೆ ಎರಡು ಸಹಿ. ಎರಡೂ ನನ್ನವೇ, ಒಂದನ್ನು ಸ್ವಲ್ಪ ಓರೆಯಾಗಿ ಹಾಕಿದ್ದೆ. ಬರೆಯುತ್ತಾ ಬರೆಯುತ್ತಾ ಖುಷಿಯಾಗಿಬಿಟ್ಟಿತು. ಮುಂದಿನ ತಿಂಗಳುಗಳಲ್ಲಿ ಇಬ್ಬರ ನಡುವೆ ಇನ್ನೂ ಜೋರು ಚರ್ಚೆಗಳಾದವು.

ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳಲು ಹೊಸದಾಗಿ ಬಂದ ಅಧಿಕಾರಿಯೊಬ್ಬರು ಒಂದು ದಿನ ಬೈಕಿನಲ್ಲಿ ಬಂದರು. ನಡಾವಳಿ ಪುಸ್ತಕ ಕೇಳಿದರು. ಬೇರೆ ದಾರಿಯಿಲ್ಲದೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಆರು ತಿಂಗಳ ಸಭೆಗಳನ್ನೂ ಒಂದೊಂದಾಗಿ ಓದಿದರು. ಸಹಿ ಹಾಕಿ, ಬೈಕ್ ಹತ್ತುವ ಮುಂಚೆ ಮೆಲ್ಲಗೆ ಹೇಳಿದರು.

"ಚೆನ್ನಾಗಿ ಬರ್ದೀರಿ ಮೇಡಂ. ಆದ್ರೆ ಆ ಇನ್ನೊಬ್ರ ಜೊತೆ ಸ್ವಲ್ಪ ಹೊಂದ್ಕಂಡು ಹೋಗ್ರಿ."

ಹೋಟೆಲು

ಜಗಳೂರಿನಿಂದ ಚನ್ನಗಿರಿಗೆ ವರ್ಗವಾದಾಗ ನನ್ನ ಸಂತೋಷ ಹೇಳತೀರದು. ದೊಡ್ಡ ಶಾಲೆ, ನಾನೂ ಸೇರಿ ಎಂಟು ಜನ ಟೀಚರುಗಳು. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಒಟ್ಟಿಗೆ ಊಟ. ಇನ್ನು ಮಾತಿಗೆ ಬರವಿಲ್ಲ ಅಂದುಕೊಂಡೆ.

ಮಾತಿಗೆ ಬರ ಇರಲಿಲ್ಲ, ನಿಜ. ಆದರೆ ವಿಷಯ ಒಂದೇ, ಕೆಲಸ ಬಿಡುವುದು. ಪಾಠ ಮಾಡಲು ಬಿಡುವುದಿಲ್ಲ, ಬರೀ ರಿಜಿಸ್ಟರು, ತರಬೇತಿ, ಚುನಾವಣೆ, ಮಾಹಿತಿ ಕೊಡಿ ಅನ್ನೋ ಫೋನು. ಇದರಲ್ಲಿ ಟೀಚರ್ ಆಗಿ ಏನು ಸುಖ ಅನ್ನೋದು ಎಲ್ಲರ ಅಭಿಪ್ರಾಯ. ಒಬ್ಬ ಮೇಡಂ ಸೀರೆ ವ್ಯಾಪಾರ ಶುರು ಮಾಡುವವರು. ಒಬ್ಬರು ಹಸು ಕಟ್ಟುವವರು. ಗಣಿತದ ಮೇಷ್ಟ್ರದ್ದು ಎಲ್ಲಕ್ಕಿಂತ ಪಕ್ಕಾ ಯೋಜನೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲು. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಬೆಣ್ಣೆ ದೋಸೆ. ಅಡಿಕೆ ಮಾರಲು ಬರುವವರು ಎಷ್ಟು ಗಂಟೆಗೆ ಬರುತ್ತಾರೆ, ಶಿವಮೊಗ್ಗದ ಬಸ್ಸು ಎಲ್ಲಿ ನಿಲ್ಲುತ್ತದೆ, ಬಾಗಿಲು ಯಾವ ದಿಕ್ಕಿಗಿದ್ದರೆ ಒಳ್ಳೆಯದು ಎಲ್ಲವನ್ನೂ ಪಾಠ ಟಿಪ್ಪಣಿಯ ಹಿಂದಿನ ಪುಟದಲ್ಲಿ ನಕ್ಷೆ ಸಮೇತ ಬರೆದಿಟ್ಟಿದ್ದರು.

ಒಮ್ಮೆ ಮೇಷ್ಟ್ರು ನನ್ನನ್ನೂ ಕೇಳಿದರು. "ನೀವು ಬಿಟ್ಟು ಏನ್ ಮಾಡ್ತೀರಿ ಮೇಡಂ?"

"ಮನೇಲಿರ್ತೀನಿ" ಅಂದೆ.

"ಮನೇಲಿ ಯಾರ್ಯಾರು ಇದಾರೆ?"

ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ಅವರು ಬೇಗ ಬೇಗ ದೋಸೆಯ ವಿಷಯಕ್ಕೆ ವಾಪಸ್ ಹೋದರು. ನನಗಾಗಿಯೇ ಹಾಗೆ ಮಾಡಿದರು ಅಂತ ಗೊತ್ತು. ಆದರೂ ಆ ದಿನ ಡಬ್ಬಿಯಲ್ಲಿದ್ದ ಅನ್ನ ಉಳಿಯಿತು.

ಎರಡು ವರ್ಷ ಈ ಮಾತು ನಡೆಯಿತು. ಯಾರೂ ಕೆಲಸ ಬಿಡಲಿಲ್ಲ. ಬಿಟ್ಟವರು ಒಬ್ಬರೇ. ನಮಗೆ ನೀರು ತಂದಿಡುತ್ತಾ, ಬಾಗಿಲ ಹತ್ತಿರ ಕೂತು ಸೊಪ್ಪು ಸೋಸುತ್ತಾ ಇದ್ದ ಈ ಶಾಲೆಯ ಬಿಸಿಯೂಟದ ಅಮ್ಮ. ಜೂನ್ ತಿಂಗಳಲ್ಲಿ ಅವರು ಬರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಹೋಟೆಲು ಇಟ್ಟಿದ್ದಾರೆ ಅಂತ ಸುದ್ದಿ ಬಂತು. ಒಂದು ಶನಿವಾರ ಎಲ್ಲರೂ ಹೋದೆವು. ಬಾಗಿಲು ಮೇಷ್ಟ್ರು ಹೇಳಿದ ದಿಕ್ಕಿಗೇ ಇತ್ತು. ಕೂರಲು ಜಾಗ ಇರಲಿಲ್ಲ, ಅಷ್ಟು ಜನ.

ಆಕೆ ಮೇಷ್ಟ್ರ ಮುಂದೆ ಬಿಸಿ ದೋಸೆ ಇಟ್ಟು ವಿನಯದಿಂದ ಅಂದರು. "ನಿಮ್ ಪಾಠ ನನಗೊಬ್ಳಿಗೇ ಹತ್ತಿದ್ದು ನೋಡ್ರಿ ಸಾರ್."

ಸಮೀಕ್ಷೆ

ಅದೇ ಚನ್ನಗಿರಿಯಲ್ಲಿ ಮನೆ ಮನೆ ಸಮೀಕ್ಷೆಯ ಕೆಲಸ ಬಂತು. ರಜೆ ಹೋಯಿತು. ತಲೆಗೆ ಟೋಪಿ, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ನೂರಾರು ಮನೆ, ಮನೆಗೆ ಹತ್ತಾರು ಪ್ರಶ್ನೆ. ನಾಯಿಗಳಿಗೆ ಮಾತ್ರ ನಾವು ಯಾರು ಅಂತ ಹೇಳಬೇಕಾಗಿರಲಿಲ್ಲ, ದೂರದಿಂದಲೇ ಗುರುತಿಸಿ ಎದ್ದು ಬರುತ್ತಿದ್ದವು.

ಒಂದು ಮನೆಯಲ್ಲಿ ಒಂಬತ್ತು ಜನ. ಒಬ್ಬರನ್ನು ಬಿಟ್ಟು ಎಲ್ಲರೂ ಜಗಲಿಗೆ ಬಂದು ಕೂತರು. "ಮನೆಯ ಯಜಮಾನರು ಯಾರು?" ಅಂತ ಮೊದಲ ಪ್ರಶ್ನೆ ಕೇಳಿದೆ. ದೊಡ್ಡ ಮೀಸೆಯ ಒಬ್ಬರು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿಯ ದನಿ ಬಂತು. "ನನ್ನ ಹೆಸರು ಬರ್ಕಳ್ರಿ." ಮೀಸೆಯವರು ಬಾಯಿ ಮುಚ್ಚಿದರು. ಆಮೇಲೆ ಹುಟ್ಟಿದ ವರ್ಷದ ಗಲಾಟೆ. ದೊಡ್ಡ ಸೊಸೆ ತನ್ನ ವಯಸ್ಸು ಹೇಳಿದಳು. ಚಿಕ್ಕ ಸೊಸೆ ಕೆಮ್ಮಿದಳು. ದೊಡ್ಡ ಸೊಸೆ ಎರಡು ವರ್ಷ ಸೇರಿಸಿದಳು. ಚಿಕ್ಕವಳು ಮತ್ತೆ ಕೆಮ್ಮಿದಳು. ನಾನು ಮೊಬೈಲಿನಲ್ಲಿ ತಿದ್ದುತ್ತಲೇ ಇದ್ದೆ. ಒಂದು ಗಂಟೆ ಹಿಡಿಯಿತು. ಮಧ್ಯೆ ಮಜ್ಜಿಗೆ ಕೊಟ್ಟರು, ಮಕ್ಕಳು ನನ್ನ ತೊಡೆ ಏರಿ ಕೂತರು. ಮನೆ ತುಂಬಾ ಮಾತು, ಜಗಳ, ಒಗ್ಗರಣೆ ವಾಸನೆ. ಎದ್ದು ಹೋಗಲು ನನಗೇ ಮನಸ್ಸಿರಲಿಲ್ಲ. ಕೇಳಿದ್ದ ಒಂದೆರಡು ಪ್ರಶ್ನೆಗಳನ್ನೇ ಮತ್ತೆ ಕೇಳಿದೆ.

ಕೊನೆಗೆ ಯಜಮಾನಿ ಅಜ್ಜಿ ಹೊರಗೆ ಬಂದು ನನ್ನೆದುರು ಕೂತರು. "ನಮ್ದೆಲ್ಲಾ ಕೇಳಿದ್ರಿ. ನಿಮ್ ಮನೇಲಿ ಎಷ್ಟ್ ಜನ?"

"ನಾನೊಬ್ಬಳೇ ಅಜ್ಜಿ."

"ಗಂಡ, ಮಕ್ಳು?"

"ಮದುವೆ ಆಗಿಲ್ಲ. ಅಪ್ಪ ಅಮ್ಮ ಹೋಗಿಬಿಟ್ರು."

ಅಜ್ಜಿ ನನ್ನ ಬೆನ್ನ ಮೇಲೆ ಕೈಯಾಡಿಸಿದರು. ಆಮೇಲೆ ಜಗಲಿಯಲ್ಲಿ ಕೂತಿದ್ದ ಎಂಟು ಜನರನ್ನೂ ಒಮ್ಮೆ ನೋಡಿ ಉಸಿರುಬಿಟ್ಟರು.

"ಪುಣ್ಯವಂತ್ರು ನೀವು. ನಿಮ್ಮನೆ ಬರ್ಯೋರಿಗೆ ಎರಡೇ ನಿಮಿಷದ ಕೆಲ್ಸ."

ಫೋನು

ಈಗ ಇರುವುದು ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. ಸವಳಂಗದ ಬಸ್ಸಿಳಿದು ಯಾರದಾದರೂ ಬೈಕು ಸಿಕ್ಕರೆ ಅದರಲ್ಲಿ, ಇಲ್ಲದಿದ್ದರೆ ನಡೆದು ಹೋಗಬೇಕು. ಇಲ್ಲಿಗೆ ಬರುವ ಹೊತ್ತಿಗೆ ರಿಜಿಸ್ಟರುಗಳೆಲ್ಲ ಮೊಬೈಲಿಗೆ ಬಂದಿದ್ದವು. ಹಾಲು ಕುಡಿದ ಫೋಟೋ, ಮೊಟ್ಟೆ ತಿಂದ ಫೋಟೋ, ಕೈ ತೊಳೆದ ಫೋಟೋ, ಗಿಡಕ್ಕೆ ನೀರು ಹಾಕಿದ ಫೋಟೋ. ನೆಟ್‌ವರ್ಕ್ ಇರುವುದು ಕಾಂಪೌಂಡಿನ ಒಂದು ಮೂಲೆಯಲ್ಲಿ ಮಾತ್ರ. ಮಕ್ಕಳಿಗೆ ಲೆಕ್ಕ ಕೊಟ್ಟು ಆ ಮೂಲೆಯಲ್ಲಿ ಕೈಯೆತ್ತಿ ನಿಂತಿರುತ್ತಿದ್ದೆ.

ಒಂದು ದಿನ ಮೇಲಿನ ಅಧಿಕಾರಿಯೊಬ್ಬರು ತರಗತಿಗೆ ಬಂದರು. ದೊಡ್ಡವರಾದಮೇಲೆ ಏನಾಗ್ತೀರಿ ಅಂತ ಮಕ್ಕಳನ್ನು ಕೇಳಿದರು. ಪೊಲೀಸು, ಡ್ರೈವರು, ಡಾಕ್ಟರು ಎಲ್ಲ ಬಂತು. ನಾಲ್ಕನೇ ತರಗತಿಯ ಒಬ್ಬ ಹುಡುಗ "ನಾನು ಟೀಚರ್ ಆಗ್ತೀನಿ" ಅಂದ. ಅಧಿಕಾರಿಗಳು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಹಾಗಂದವನು ಅವನೊಬ್ಬನೇ.

"ಯಾಕಪ್ಪ ಟೀಚರ್ ಆಗ್ಬೇಕು?"

"ನಮ್ಮವ್ವ ನಂಗೆ ಮೊಬೈಲ್ ಮುಟ್ಟಾಕೆ ಬಿಡಲ್ಲ ಸಾರ್. ಟೀಚರ್ ಆದ್ರೆ ಯಾರೂ ಕೇಳಲ್ಲ."

ಬೀಳ್ಕೊಡುಗೆ

ಆ ಮಾತನ್ನು ಎಲ್ಲರೂ ನಕ್ಕು ಮರೆತರು. ನನಗೆ ಮರೆಯಲಾಗಲಿಲ್ಲ. ಮಕ್ಕಳ ಕಣ್ಣಿಗೆ ನಾನು ಹೀಗೆ ಕಾಣುತ್ತಿದ್ದೇನೆ ಅಂದಮೇಲೆ ಯಾಕೆ ಇರಬೇಕು ಅನ್ನಿಸಿತು. ಆ ವಾರವೇ ರಜೆ ಹಾಕಿ ಹೊನ್ನಾಳಿಗೆ ಹೋದೆ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರ ಹತ್ತಿರ ಸ್ವಯಂ ನಿವೃತ್ತಿ ಅರ್ಜಿಯ ಒಂದು ನಮೂನೆ ಬೇಕು ಅಂತ ತಗ್ಗಿದ ದನಿಯಲ್ಲಿ ಕೇಳಿದೆ. ಅವರು ಕೊಟ್ಟರು. ತಿರುಗಿ ನೋಡಿದರೆ ಬೆನ್ನ ಹಿಂದೆ ನಮ್ಮ ಶಾಲೆಯ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ನಿಂತಿದ್ದಾರೆ. ಯಾವುದೋ ಬೇರೆ ಕೆಲಸಕ್ಕೆ ಬಂದವರು. ನಮಸ್ಕಾರ ಹಾಕಿ ಹೊರಟುಬಿಟ್ಟರು. ಅವರದು ಬೈಕು, ನನ್ನದು ಬಸ್ಸು. ಸುದ್ದಿ ನನಗಿಂತ ಮುಂಚೆ ಊರು ಸೇರಿತ್ತು.

ಶನಿವಾರ ಶಾಲೆಗೆ ಹೋದರೆ ಗೇಟಿಗೆ ಫ್ಲೆಕ್ಸು ಕಟ್ಟಿದ್ದಾರೆ. ನನ್ನ ಬೇರೆ ಫೋಟೋ ಸಿಗದೆ ಗುಂಪಿನ ಫೋಟೋದಿಂದ ಕತ್ತರಿಸಿದ್ದರು, ಪಕ್ಕದಲ್ಲಿ ಯಾರದೋ ಅರ್ಧ ಕಿವಿ. ಕೆಳಗೆ "ನಿವೃತ್ತ ಜೀವನ ಸುಖಕರವಾಗಿರಲಿ". ಊರವರೆಲ್ಲ ಸೇರಿದ್ದರು, ಮೈಕು ಬಂದಿತ್ತು. ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಲು ಹೋದೆ. "ನೀವೇನೂ ಮಾತಾಡ್ಬೇಡ್ರಿ ಮೇಡಂ, ಕೊನಿಗೆ ಅವಕಾಶ ಐತೆ" ಅಂತ ಕುರ್ಚಿಯಲ್ಲಿ ಕೂರಿಸಿಬಿಟ್ಟರು.

ಎರಡನೇ ಭಾಷಣದ ಹೊತ್ತಿಗೆ ಎದ್ದು ನಿಲ್ಲಿಸಬೇಕು ಅಂದುಕೊಂಡೆ. ಆದರೆ ಭಾಷಣ ಚೆನ್ನಾಗಿತ್ತು. ಹಾಲಿನ ಡೈರಿಯವರು, ನಾನು ಮಳೆಯಲ್ಲೂ ನಡೆದು ಬರುವುದನ್ನು ತಾವು ದಿನಾ ನೋಡುತ್ತಿದ್ದುದಾಗಿ ಹೇಳಿದರು. ಯಾರೋ ನೋಡುತ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ. ಮೂರನೇ ತರಗತಿಯ ಒಂದು ಹುಡುಗಿಯ ತಾಯಿ ಮೈಕು ಹಿಡಿದು, "ನನ್ನ ಮಗ್ಳು ಎರಡು ವರ್ಷ ಸಾಲ್ಯಾಗೆ ಬಾಯಿ ಬಿಟ್ಟಿರಲಿಲ್ಲ. ಈಗ ಮನ್ಯಾಗೆ ಯಾರಿಗೂ ಮಾತಾಡಾಕೆ ಬಿಡಲ್ಲ. ಇದನ್ನೆಲ್ಲಾ ಮಾಡಿದ್ದು ಈ ಮೇಡಂ" ಅಂತ ಅತ್ತರು. ಹುಡುಗಿಯೂ ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ನೋಡಿ ಮಕ್ಕಳೆಲ್ಲ ಅತ್ತರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಬಗ್ಗೆ ಯಾರೂ ನಾಲ್ಕು ಒಳ್ಳೆ ಮಾತು ಆಡಿರಲಿಲ್ಲ. ಸತ್ಯ ಹೇಳಿದರೆ ನಿಲ್ಲಿಸಿಬಿಡುತ್ತಾರೆ ಅಂತ ಸುಮ್ಮನೆ ಕೂತು ಎಲ್ಲ ಕೇಳಿಸಿಕೊಂಡೆ.

ಶಾಲು ಹೊದಿಸಿ ಹಾರ ಹಾಕಿದಮೇಲೆ ಮೈಕು ನನ್ನ ಕೈಗೆ ಬಂತು. "ಕ್ಷಮಿಸಿ. ನಾನಿನ್ನೂ ಅರ್ಜಿ ಕೊಟ್ಟಿಲ್ಲ. ಬರೀ ಫಾರಂ ಕೇಳಿದ್ದೆ" ಅಂದೆ.

ಮೈಕಿನವನು ವೈರು ಸುತ್ತುವುದನ್ನು ನಿಲ್ಲಿಸಿದ. ಅಧ್ಯಕ್ಷರು ಫ್ಲೆಕ್ಸ್ ನೋಡಿದರು, ಹಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹಂಗಾರೆ ಬೇಗ ಕೊಟ್ಬಿಡ್ರಿ ಮೇಡಂ. ಕಾರ್ಯಕ್ರಮ ಆಗಿಬಿಟ್ಟೈತೆ."

ಬಸ್ಸಿನಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ತೋರಿಸಲು ಯಾರೂ ಇರಲಿಲ್ಲ. ಶಾಲು ಹೊದ್ದುಕೊಂಡು ಕನ್ನಡಿ ಮುಂದೆ ನಿಂತು ನಾನೇ ನೋಡಿಕೊಂಡೆ. ಭಾನುವಾರ ಫಾರಂ ತೆಗೆದು ಕೂತೆ. "ಕಾರಣ" ಅಂತ ಬರೆದ ಕಡೆ ಅರ್ಧ ಗೆರೆ ಜಾಗ ಇತ್ತು. ಹೇಳಬೇಕಾದದ್ದು ಅಷ್ಟರಲ್ಲಿ ಹಿಡಿಯುವಂಥದ್ದಲ್ಲ. ಡೈರಿಯವರ ಮಾತೂ ಆ ತಾಯಿಯ ಮಾತೂ ಕಿವಿಯಲ್ಲೇ ಇದ್ದವು. ಫಾರಂ ಮಡಚಿ ಬೀರುವಿನಲ್ಲಿಟ್ಟೆ.

ಸೋಮವಾರ ಎಂದಿನಂತೆ ಹೋಗಿ ಹಾಜರಿ ಕರೆದೆ. ಎಲ್ಲ ಮಕ್ಕಳೂ "ಎಸ್ ಟೀಚರ್" ಅಂದರು. ಎಲ್ಲರಿಗಿಂತ ಹೆಚ್ಚು ಅತ್ತಿದ್ದ ಆ ಹುಡುಗಿ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಹತ್ತಿರ ಹೋಗಿ ತಲೆ ಸವರಿ, "ಏನಾಯ್ತಮ್ಮ? ನಾನು ಹೋಗಲ್ಲ, ಇಲ್ಲೇ ಇರ್ತೀನಿ" ಅಂದೆ.

ಅವಳು ಎದ್ದು ನಿಂತು, ಕೈಕಟ್ಟಿ, ಇಡೀ ತರಗತಿಗೆ ಕೇಳುವ ಹಾಗೆ ಹೇಳಿದಳು.

"ಇರ್ರಿ ಟೀಚರ್. ಆದ್ರೆ ನೀವು ನಿಜವಾಗ್ಲೂ ಹೋಗೋ ದಿನ ನಾನು ಅಳಲ್ಲ. ನಂದು ಆಗೈತೆ."