ಐದು ಗಂಟೆಗೆ ಮುಂಚೆ ಬಾಯಿ ತೆರೆಯಬೇಡಿ

ನಮ್ಮ ಮಾವನ ಹತ್ತಿರ ಹಲ್ಲು ಕೀಳಿಸಿಕೊಳ್ಳುವವರಿಗೆ ಇಂಜೆಕ್ಷನ್ ಬೇಕಾಗಿರಲಿಲ್ಲ, ಅವರ ಬೈಗುಳಕ್ಕೇ ದವಡೆ ಮರಗಟ್ಟುತ್ತಿತ್ತು ಎಂದು ಗುಂಡ್ಲುಪೇಟೆಯಲ್ಲಿ ಒಂದು ಮಾತಿದೆ. "ಎಲೆ ಅಡ್ಕೆ ಜಗ್ದೂ ಜಗ್ದೂ ಬಾಯ ಒಲೆ ಮಾಡ್ಕಂಡಿದ್ದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?" ಎಂದು ಶುರುವಾದರೆ ಹಲ್ಲು ಕೈಗೆ ಬರುವವರೆಗೂ ನಿಲ್ಲದು. ಈರುಳ್ಳಿ ಮಂಡಿಯ ಸಾಹುಕಾರರಿಂದ ಕೇರಳದ ಲಾರಿ ಡ್ರೈವರುಗಳವರೆಗೆ ಎಲ್ಲರೂ ಬಂದು ಬೈಸಿಕೊಳ್ಳುತ್ತಿದ್ದರು. ಯಾಕೆ ಬರುತ್ತಿದ್ದರು ಅಂತೀರಾ? ಕೈಗುಣ ಅಂಥದು.

ಮಾವ ಹಗಲು ಚಾಮರಾಜನಗರದ ಕಡೆಯ ಒಂದು ದಂತ ಕಾಲೇಜಿನಲ್ಲಿ ಮೇಷ್ಟ್ರು, ಸಂಜೆ ಗುಂಡ್ಲುಪೇಟೆಯಲ್ಲಿ ಸ್ವಂತ ಕ್ಲಿನಿಕ್ಕು. ಅಧ್ಯಾಪಕರು ಹೊರಗೆ ಫೀಸು ತೆಗೆದುಕೊಂಡು ಚಿಕಿತ್ಸೆ ಕೊಡುವುದಕ್ಕೆ ಕಾಲೇಜಿನಲ್ಲಿ ನಿಯಮಗಳಿದ್ದವು. ಐದು ಗಂಟೆಯ ಮೇಲೆ ಮಾತ್ರ ಕೊಡಬೇಕು. ಕಾಲೇಜಿಗೆ ಬಂದ ರೋಗಿಯನ್ನು ತನ್ನ ಕ್ಲಿನಿಕ್ಕಿಗೆ ಎಳೆದುಕೊಳ್ಳಬಾರದು. ವರ್ಷವರ್ಷವೂ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು. ಉಳಿದವರಿಗೆ ಇದು ನೋಟಿಸ್ ಬೋರ್ಡಿನ ಅಲಂಕಾರ. ಮಾವನಿಗೆ ಮಾತ್ರ ದೇವರ ಮೇಲಿನ ಆಣೆ.

ಒಮ್ಮೆ ಹರವೆಯಲ್ಲಿ ನೆಂಟರ ಮದುವೆ. ಮಾವ ರಜೆ ಹಾಕಿ ಬಂದಿದ್ದರು. ಊಟದ ಪಂಕ್ತಿಯಲ್ಲಿ ಹೆಣ್ಣಿನ ತಂದೆಯೇ ಕೆನ್ನೆ ಹಿಡಿದುಕೊಂಡು ಬಂದು, "ಭಾವ, ಒಸಿ ನೋಡ್ಬುಡು" ಎಂದು ಬಾಯಿ ತೆರೆದರು.

ಮಾವ ಗಡಿಯಾರ ನೋಡಿದರು. "ಇನ್ನೂ ಮಧ್ಯಾಹ್ನ. ಬಾಯ್ ಮುಚ್ಚು. ಕಾಲೇಜ್ಗೆ ಓಗಿ ಸಾಲಲ್ಲಿ ನಿಂತ್ಕೊ, ಇಲ್ದಿದ್ರೆ ಸಂಜೆ ಬಾ."

"ಅಲ್ಲೀಗಂಟ ಸತ್ತೋದ್ರೆ?"

"ಹಲ್ಲು ನೋವಿಗೆ ನೊಂದೋನು ಸಾಯಲ್ಲ ಕಣ, ಪಕ್ಕದಲ್ಲಿರೋನು ಸಾಯ್ತಾನೆ."

ಇಂಥ ಮನುಷ್ಯನ ಎದುರಿಗೇ ಪುಣಜನೂರಿನ ಹೆಂಗಸೊಬ್ಬಳ ಪ್ರಸಂಗ ನಡೆಯಬೇಕೆ? ಕೂಲಿ ಬಿಟ್ಟು, ಮೊದಲ ಬಸ್ಸು ಹತ್ತಿ ಕಾಲೇಜಿಗೆ ಬಂದಿದ್ದಳು. ಮುಖದ ಅರ್ಧ ಭಾಗ ಊದಿತ್ತು. ಮುಖ್ಯಸ್ಥರು ನೋಡಿದವರೇ, "ಇಲ್ಲಿ ಕುರ್ಚಿ ಕೆಟ್ಟಿದೆಯಮ್ಮ, ಸಂಜೆ ನಮ್ಮ ಕ್ಲಿನಿಕ್ಕಿಗೆ ಬಂದುಬಿಡು" ಎಂದರು.

ಮಾವ ಅವಳನ್ನು ಕರೆದೊಯ್ದು ಅದೇ ಕುರ್ಚಿಯಲ್ಲಿ ಕೂರಿಸಿ ಪೆಡಲು ಒತ್ತಿದರು. ಕುರ್ಚಿ ವಿಧೇಯ ವಿದ್ಯಾರ್ಥಿಯಂತೆ ಮೇಲೆದ್ದಿತು. ಕೀವು ತೆಗೆದು, ಮಾತ್ರೆ ಕೊಟ್ಟು ಕಳಿಸಿದ ಮೇಲೆ, ವಿದ್ಯಾರ್ಥಿಗಳ ಮುಂದೆಯೇ ಮುಖ್ಯಸ್ಥರಿಗೆ ಹೇಳಿದರು: "ಕುರ್ಚಿ ಕೆಟ್ಟಿಲ್ಲ ಸಾರ್. ಅದರ ಪಕ್ಕ ನಿಂತಿರೋ ನಾವು ಕೆಟ್ಟಿದ್ದೀವಿ."

ಆ ವರ್ಷ ಮಾವನ ಕ್ಲಿನಿಕ್ಕಿಗೆ ಒಪ್ಪಿಗೆ ಸಿಗಲಿಲ್ಲ. ನಡವಳಿಕೆ ಸರಿಯಿಲ್ಲವಂತೆ. ಮುಖ್ಯಸ್ಥರ ಕ್ಲಿನಿಕ್ಕು ಮಾತ್ರ, ಹೆಂಡತಿಯ ಹೆಸರಿನ ಬೋರ್ಡು ಹೊತ್ತುಕೊಂಡು, ಹಗಲೇ ಬಾಗಿಲು ತೆರೆದು ಕೂತಿತ್ತು. ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ನಿಯಮವನ್ನು ತುಳಿಯುವವನ ಕೈಗೇ ಅದನ್ನು ಕಾಯುವ ಕೋಲು ಕೊಟ್ಟವರು ಯಾರು? ಆ ಕೋಲು ಪಾಲಿಸುವವನ ಬೆನ್ನಿಗೆ ಬೀಳದೆ ಇನ್ನೆಲ್ಲಿ ಬಿದ್ದೀತು?

"ನೀವೂ ಅತ್ತೆ ಹೆಸರಲ್ಲಿ ನಡೆಸಿ ಮಾವ" ಎಂದೆ, ಸಿಟ್ಟು ತಡೆಯಲಾರದೆ.

"ನಿಮ್ಮತ್ತೆ ಇದುವರ್ಗೂ ಕಿತ್ತಿರೋದು ನನ್ನ ತಲೆಕೂದ್ಲು ಮಾತ್ರ ಕಣ್ಲಾ" ಎಂದವರೇ ಮಾವ ಕ್ಲಿನಿಕ್ಕಿಗೆ ಬೀಗ ಹಾಕಿದರು. ಸಾಮಾನು ತುಂಬುವಾಗ ಆ ಬೀದಿಯವರೆಲ್ಲ ಬಂದು ನಿಂತಿದ್ದರು. ಅವರನ್ನೂ ಬೈದು ಓಡಿಸಿದರು.

ಮೊನ್ನೆ ಮಾವನ ದವಡೆ ಹಲ್ಲೇ ಕೆಟ್ಟಿತು. ಸಹೋದ್ಯೋಗಿಯೊಬ್ಬರು ಹಲ್ಲು ಕೀಳಲು ತಮ್ಮ ಮನೆಗೇ ಕರೆದರು, ಹೋಗಲಿಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಕಾಲೇಜಿನ ಸಾಲಿನಲ್ಲೇ ಕೂತರು. ಸರದಿ ಬಂದಾಗ ಸಿಕ್ಕವಳು ಅವರ ವಿದ್ಯಾರ್ಥಿನಿಯೇ. ಪಾಪ, ಮೇಷ್ಟ್ರ ಬಾಯಿ ನೋಡಿ ಇಕ್ಕಳವನ್ನು ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡಳು. ಬೈಗುಳ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾನೂ ಕಾದೆ. ಬರಲಿಲ್ಲ. ಅವರ ಕೈ ಕುರ್ಚಿಯ ಅಂಚಿನಿಂದ ಇಳಿದು, ತಡಕಾಡಿ, ನನ್ನ ಕೈ ಹಿಡಿಯಿತು.

"ನೋವಾಯ್ತಾ ಸಾರ್?" ಎಂದಳು ಹುಡುಗಿ, ಹಲ್ಲು ಕಿತ್ತ ಮೇಲೆ.

ಮಾವ ಇಲ್ಲವೆಂದು ತಲೆಯಾಡಿಸಿ ಅವಳ ತಲೆ ಸವರಿದರು.

ಹೊರಗೆ ಬಸ್ಸಿಗೆ ಕಾಯುವಾಗ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ನನಗೆ ಮಾತ್ರ ಕೇಳುವಂತೆ ಅಂದರು: "ಆ ಕುರ್ಚೀಲಿ ಕೂತ್ರೆ ಬೋ ಭಯ ಆಯ್ತದೆ ಕಣ್ಲಾ. ಇಷ್ಟು ವರ್ಷ ಒಬ್ರೂ ಹೇಳ್ನಿಲ್ವಲ್ಲ ನಂಗೆ."

ಬಸ್ಸು ಬಂತು. ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.